ಗೋವಾದಾಗ ಹಳೇ ಕಾರ್ ಅಗ್ಗ ಖರೆ, ಆದ್ರ ಮೊದಲ ಮ್ಯಾಟ್ ಎತ್ತಿ ನೋಡು ತಮ್ಮಾ

ಮೈಸೂರಿಂದ ವೆರ್ಣಾಕ್ಕ ಕೆಲಸಕ್ಕ ಬರಾಕತ್ತೀನಿ, ಲೈಸೆನ್ಸ್ ಈಗಷ್ಟ ಆಗೈತಿ, ಗೋವಾದಾಗ ಸೆಕೆಂಡ್ ಹ್ಯಾಂಡ್ ಕಾರ್ ಅಗ್ಗ ಅಂತಾರಲ್ಲಣ್ಣ ಖರೇನಾ ಅಂತ ಕೇಳಿದಿ. ಖರೆ. ಯಾಕ ಅಗ್ಗ ಅನ್ನೂದು ಮಾತ್ರ ಮೊದಲ ತಿಳ್ಕೊ.

ನಾ ಖಾನಾಪುರ ಕಡಿಯಾಂವ, ವಾಸ್ಕೋಕ್ಕ ಬಂದು 11 ವರ್ಷ ಆತು. ಇಲ್ಲಿ ಬೈನಾ, ಜುವಾರಿನಗರ ಕಡೆ ಹೋದ್ರ ಗೋವಾಕ್ಕ ಬಂದೀನಿ ಅಂತನ ಅನಸೂದಿಲ್ಲ, ಬಾಗಲಕೋಟಿ, ವಿಜಾಪುರ, ಗದಗ ಕಡಿ ಮಂದಿ ಅಷ್ಟ್ ಅದಾರ, ಗ್ಯಾರೇಜಿನ್ಯಾಗೂ ನಮ್ಮ ಹುಡುಗ್ರ ಸಿಗ್ತಾರ, ಹಿಂಗಾಗಿ ಭಾಷಾ ಚಿಂತಿ ಬಿಡು.

ಅಗ್ಗ ಯಾಕಂದ್ರ ಒಂದು ಟ್ಯಾಕ್ಸ್. ನಮ್ಮ ಕರ್ನಾಟಕದಾಗ 5 ಲಕ್ಷದ ಒಳಗಿನ ಗಾಡಿಗೂ ಲೈಫ್ ಟ್ಯಾಕ್ಸ್ 13 ಪರ್ಸೆಂಟ್, ಮ್ಯಾಲ ಸೆಸ್ ಬ್ಯಾರೆ, ಇಲ್ಲಿ ಅದಕ್ಕಿಂತ ಕಡಿಮಿ. ಇನ್ನೊಂದು ಜಂಗ್. ಸಮುದ್ರದ ಉಪ್ಪಗಾಳಿ, ನಾಕ್ ತಿಂಗಳ ಮಳಿ, ಕಬ್ಬಿಣ ತಡಿತೈತೇನ?

ನನ್ನ ಮೊದಲ ಗಾಡಿ 2009ರ ಆಲ್ಟೋ, 95 ಸಾವಿರಕ್ಕ ತಗೊಂಡಿದ್ದೆ. ಪೇಂಟ್ ಫಳಫಳ, ಸೀಟ್ ಕವರ್ ಹೊಸಾದು, ಡ್ಯಾಶ್‌ಬೋರ್ಡ್ ಮ್ಯಾಲ ಸಣ್ಣ ಗಣಪ್ಪ, ಮಾರಿದಾಂವ 'ಪಾತ್ರಾಂವ್, ಪಾತ್ರಾಂವ್' (ಅಂದ್ರ ಸಾಹುಕಾರ್ರ) ಅಂತ ಚಾ ಕುಡಿಸಿದ, ನಾನೂ ಖುಷಿಯಾಗಿ ರೊಕ್ಕ ಕೊಟ್ಟೆ. ಅದು ಏಪ್ರಿಲ್. ಜೂನ್‌ದಾಗ ಮಳಿ ಹಿಡೀತು ನೋಡು, ದಿನಾ ಎಡಗಾಲ ಸಾಕ್ಸ್ ಹಸಿ! ಎಸಿ ನೀರು ಇರ್ಬೇಕು ಅಂತ ಒಂದ್ ವಾರ ಸುಮ್ನಿದ್ದೆ. ಮಿಸ್ತ್ರಿ ಮ್ಯಾಟ್ ಎತ್ತಿ ನಕ್ಕ, ಕ್ಲಚ್ ಕೆಳಗ ರಸ್ತಾ ಕಾಣಾಕತ್ತಿತ್ತು. ಟಿಂಕರಿಂಗಿಗೆ 14 ಸಾವಿರ ಹೋತು, ನನ್ನ ಹೆಂಡ್ತಿ ಇವತ್ತಿಗೂ ಮಳಿಗಾಲ ಬಂತಂದ್ರ ಸಾಕ್ಸ್ ಮಾತ್ ಎತ್ತತಾಳ.

ಅದಕ್ಕ ಹೊರಗಿನ ಹೊಳಪು ನೋಡಬ್ಯಾಡ. ಮ್ಯಾಟ್ ಎತ್ತು, ಸ್ಟೆಪ್ನಿ ತಗದು ಅದರ ಕುಣಿ ನೋಡು, ಬಾಗಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟು, ಸಪ್ಪಳ ಮೆತ್ತಗ ಬಂತಂದ್ರ ಒಳಗ ಪುಟ್ಟಿ ಐತಿ. ಸೀಟ್ ಬೆಲ್ಟ್ ಪೂರ್ತಿ ಹೊರಗ ಎಳಿ, ಕಡೀ ತುದಿಯಾಗ ಕೆಸರಿನ ಗೆರಿ ಇದ್ರ ಗಾಡಿ ನೀರಾಗ ಮುಳಗಿದ್ದು. 2019ರ ಆಗಸ್ಟ್‌ನ್ಯಾಗ ಸಾಂಗ್ಲಿ, ಕೊಲ್ಹಾಪುರ, ನಮ್ಮ ಚಿಕ್ಕೋಡಿ ಕಡೆ ಹೊಳಿ ಬಂತಲ್ಲ, ಅವತ್ತಿಂದ ಎಂಎಚ್ ಗಾಡಿ ಇರ್ಲಿ ಕೆಎ ಇರ್ಲಿ ನಾ ಬೆಲ್ಟ್ ಎಳೀದ ಮಾತಾಡೂದಿಲ್ಲ. ಬಾನೆಟ್ ಮ್ಯಾಲ ಕೈ ಇಟ್ಟು ನೋಡು, ಬಿಸಿ ಇತ್ತಂದ್ರ ಥಂಡಿ ಇಂಜಿನ್ ಚಾಲೂ ಆಗೂ ತೊಂದ್ರಿ ನಿನಗ ಕಾಣಬಾರ್ದಂತ ನೀ ಬರೂಕಿಂತ ಮೊದಲ ಚಾಲೂ ಮಾಡಿರಬಹುದು, ಆರಿದ ಮ್ಯಾಲ ಬರ್ತೀನಿ ಅನ್ನು.

ಕರೀ ಪ್ಲೇಟ್ ಮ್ಯಾಲ ಹಳದಿ ಅಕ್ಷರ ಇರ್ತಾವಲ್ಲ, ಅವು ಟೂರಿಸ್ಟ್ ಮಂದಿ ಬಾಡಿಗಿಗೆ ಒಯ್ಯೂ ಗಾಡಿ. ಅಂಥಾವು ಪ್ರೈವೇಟ್ ಮಾಡಿಸಿ ಮಾರಾಟಕ್ಕ ಬಂದ್ರ ಕ್ಲಚ್ ಕತಿ ದೇವ್ರ ಬಲ್ಲ.

ಕಾಗದಾ ಬ್ಯಾಸರಾದ್ರೂ ನೋಡಲೇಬೇಕು. ಎಂ ಪರಿವಾಹನ್ ಆ್ಯಪ್‌ನ್ಯಾಗ ನಂಬರ್ ಹಾಕು, ಎಷ್ಟನೇ ಓನರ್, ಸಾಲ ಐತೇನು ಗೊತ್ತಾಗ್ತೈತಿ. ಸಾಲ ತೀರಿದ್ರೂ ಬ್ಯಾಂಕಿನ ಎನ್‌ಓಸಿ (ನಮ್ಮ ತಕರಾರಿಲ್ಲ ಅನ್ನೂ ಪತ್ರ), ಆರ್‌ಸಿಯಿಂದ ಸಾಲದ ನೋಂದಣಿ ತಗಸೂ ಫಾರ್ಮ್ 35 ಕೈಗೆ ಬರೂತನ ಪೂರ್ತಿ ರೊಕ್ಕ ಕೊಡಬ್ಯಾಡ. ಫಾರ್ಮ್ 29, 30 ಸಹಿ ಮಾಡಿಸ್ಕೊಂಡು 30 ದಿನದೊಳಗ ಹೆಸರ ಬದಲಿ ಅರ್ಜಿ ಹಾಕು, ಇನ್ಶೂರೆನ್ಸಿಗೆ 14 ದಿನ. ಮತ್ತ ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕ ಪ್ರೀಮಿಯಂನ್ಯಾಗ ಸಿಗೂ ರಿಯಾಯ್ತಿ) ಅವರ್ದ, ಗಾಡಿ ಸಂಗಟ ನಿನಗ ಬರೂದಿಲ್ಲ, ಪ್ರೀಮಿಯಂ ಜಾಸ್ತಿ ಬಂತು ಅಂತ ಗಾಬರಿ ಆಗಬ್ಯಾಡ. 15 ವರ್ಷ ಮುಟ್ಟಾಕ ಬಂದದ್ದು ಬಿಡು, ಆರ್‌ಸಿ ರಿನ್ಯೂ ಫೀ 600 ಇದ್ದದ್ದು 2022ರ ಏಪ್ರಿಲ್‌ದಿಂದ 5000 ಆಗೈತಿ.

ಇನ್ನ ಜಿಎ ಪ್ಲೇಟ್, ಅಂದ್ರ ಗೋವಾ ನಂಬರಿನ ಗಾಡಿ, ಊರಿಗೆ ಒಯ್ಯಬಹುದಾ ಅಂದಿ. ದಸರಾಕ್ಕ ಹೋಗಿ ಬರಾಕ ಯಾರೂ ಏನೂ ಅನ್ನೂದಿಲ್ಲ. ಆದ್ರ ಗಾಡಿ ಅಲ್ಲೇ 12 ತಿಂಗಳಕ್ಕಿಂತ ಹೆಚ್ಚು ಇಟ್ಟಿ ಅಂದ್ರ ಇಲ್ಲಿಂದ ಫಾರ್ಮ್ 28 ಎನ್‌ಓಸಿ ತಗೊಂಡು ಕೆಎ ನಂಬರ್ ಮಾಡಿಸ್ಬೇಕು, ಗಾಡಿ ವಯಸ್ಸು ನೋಡಿ ಅಲ್ಲಿ ಟ್ಯಾಕ್ಸ್ ಮತ್ತ ಕಟ್ಟಬೇಕು, ಅಲ್ಲಿಗೆ ಅಗ್ಗ ಅನ್ನೂದು ಮುಗೀತು. ಬೆಳಗಾವ್ಯಾಗ ಜಿಎ ಗಾಡಿ ಬೇಕಾದಷ್ಟ ಓಡ್ತಾವ, ಅವರ್ನ ನೋಡಿ ನೀ ಮಾಡಬ್ಯಾಡ, ಚೆಕಿಂಗ್‌ನ್ಯಾಗ ಹಿಡಿದ್ರ ಗಾಡಿ ಯಾವಾಗ ಬಂತು ಅಂತ ತೋರಸಾಕ ಟೋಲ್ ಚೀಟಿ ಹುಡುಕ್ಕೋತ ನಿಂದರೂದು ಬ್ಯಾಡ. ಎರಡ ವರ್ಷಕ್ಕ ವಾಪಸ್ ಹೋಗಾಂವ ಇದ್ರ ಮೈಸೂರಾಗ ಕೆಎ ಗಾಡಿ ತಗೊಂಡು ಬರೂದ ಚೊಲೋ, ಆದ್ರ ಅದಕ್ಕೂ ಇಲ್ಲಿ ಅದ 12 ತಿಂಗಳ ಲೆಕ್ಕ ಐತಿ ಮತ್ತ.

ಮೊದಲ ತಿಂಗಳ ಬೆಳಗಾವಿ ದಾರ್ಯಾಗಿನ ಚೋರ್ಲಾ ಘಾಟ್ ಕಡಿ ಹೋಗಬ್ಯಾಡ, ಅದೂ ಜುಲೈನ್ಯಾಗ ಮಂಜಿನ್ಯಾಗ ಮುಂದಿನ ಲಾರಿ ಲೈಟ್ ಸೈತ ಕಾಣೂದಿಲ್ಲ. ಐತವಾರ ಮುಂಜಾನೆ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್ ರಸ್ತಾ ಖಾಲಿ ಇರ್ತಾವ, ಅಲ್ಲಿ ಏರಿನ್ಯಾಗ ಹಾಫ್ ಕ್ಲಚ್ ಕಲಿ, ಅಂದ್ರ ಕ್ಲಚ್ ಅರ್ಧ ಬಿಟ್ಟು ಗಾಡಿ ಹಿಂದ ಜಾರದಂಗ ಹಿಡಿಯೂದು. ಗಾಡಿ ನೋಡಾಕ ಹೋಗೂ ದಿನ ಒಂದ್ ಫೋನ್ ಹಚ್ಚು, ನಾನೂ ಬರ್ತೀನಿ, ಸ್ಕ್ರೂಡ್ರೈವರ್ ನನ್ನ ಹಂತೇಕನ ಐತಿ.