ಕಾಮ ಮತ್ತು ತಿರುವುಗಳು ತುಂಬಿದ ಥ್ರಿಲ್ಲರ್ ಚಿತ್ರಗಳನ್ನು ನಾವು ಅಳುಕುತ್ತಲೇ ಏಕೆ ಆನಂದಿಸುತ್ತೇವೆ?

ಈ ಚಿತ್ರಗಳು ಭಯವನ್ನೂ ಕಾಮವನ್ನೂ ಒಂದೇ ದೃಶ್ಯದಲ್ಲಿ ಹೆಣೆಯುವುದರಿಂದ, ಕಥೆ ನಂಬಲಾಗದಷ್ಟು ತೆಳುವಾಗಿದ್ದರೂ ನೋಡುವವರ ದೇಹ ಅವಕ್ಕೆ ಓಗೊಡುತ್ತದೆ. ಎದೆಬಡಿತ ಏರಿದ್ದು ಅಪಾಯದಿಂದಲೋ ಆಕರ್ಷಣೆಯಿಂದಲೋ ಎಂಬುದನ್ನು ಮನಸ್ಸು ಅನೇಕ ವೇಳೆ ಸ್ಪಷ್ಟವಾಗಿ ಬೇರ್ಪಡಿಸಲಾರದು. ಒಂದರ ಉದ್ವೇಗ ಇನ್ನೊಂದಕ್ಕೆ ಹರಿದು ಅದನ್ನು ತೀವ್ರಗೊಳಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಡಟನ್ ಮತ್ತು ಆರನ್ 1974ರಲ್ಲಿ ಪ್ರಕಟಿಸಿದ ಕೆನಡಾದ ಪ್ರಯೋಗವೊಂದರಲ್ಲಿ, ಎತ್ತರದ ತೂಗುಸೇತುವೆಯ ಮೇಲೆ ಸಂದರ್ಶಕಿಯನ್ನು ಭೇಟಿಯಾದ ಪುರುಷರು, ಭದ್ರವಾದ ಸೇತುವೆಯ ಮೇಲೆ ಭೇಟಿಯಾದವರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಆಕೆಗೆ ಆಮೇಲೆ ದೂರವಾಣಿ ಕರೆ ಮಾಡಿದ್ದರು. ಆ ತೂಗುಸೇತುವೆಯ ಕೆಲಸವನ್ನು ಇಲ್ಲಿ ಚಿತ್ರಕಥೆ ಮಾಡುತ್ತದೆ ಎನ್ನಬಹುದು.

ತಿರುವುಗಳಿಂದ ಇನ್ನೊಂದು ಉಪಕಾರವೂ ಇದೆ: ನಾವು ಹುಡುಕುತ್ತಿರುವುದು ಕೊಲೆಗಾರನ ಸುಳಿವನ್ನೇ ಹೊರತು ಬೇರೇನನ್ನೂ ಅಲ್ಲ ಎಂಬ ಮರ್ಯಾದೆಯ ನೆಪವನ್ನು ಅವು ಒದಗಿಸುತ್ತವೆ. ಅದನ್ನು ನಾವೇ ಪೂರ್ತಿಯಾಗಿ ನಂಬುವುದಿಲ್ಲವಾದ್ದರಿಂದ ಅಳುಕು ಉಳಿಯುತ್ತದೆ.