ಗಡ್ಡೆ ತೆಗೆಸಿದ ಜಾಗದಲ್ಲೇ ಮತ್ತೆ ಊತ
ಸ್ತನದ ಗಡ್ಡೆ ತೆಗೆಸಿದ ಹತ್ತನೆಯ ದಿನ ಹೊಲಿಗೆಯ ಕೆಳಗೆ ಕಾಣಿಸಿಕೊಂಡಿದೆ ಎಂದು ನೀವು ಬರೆದಿರುವ, ಒತ್ತಿದರೆ ನೀರು ತುಂಬಿದ ಬಲೂನಿನಂತೆ ಅಲುಗುವ ಊತವು ಬಹುಮಟ್ಟಿಗೆ ಸೆರೋಮಾ, ಅಂದರೆ ಗಡ್ಡೆಯಿದ್ದ ಟೊಳ್ಳಿನಲ್ಲಿ ಸೇರಿಕೊಂಡ ದ್ರವ. ನನಗೂ ಹೀಗೆಯೇ ಆಗಿತ್ತು. ಆದರೆ ಒಳಗಿರುವುದು ರಕ್ತವೋ ಕೀವೋ ಎಂಬುದನ್ನು ಮುಟ್ಟಿ ನೋಡಿ ಖಚಿತಪಡಿಸಲಾಗದು, ಅಲ್ಟ್ರಾಸೌಂಡ್ ಬೇಕಾಗಬಹುದು. ಮೊದಲು ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದುಕೊಳ್ಳಿ. ಹಿಂಡಲು ಮಾತ್ರ ಹೋಗಬೇಡಿ. ಬಳಿಕ ಶಸ್ತ್ರವೈದ್ಯರಿಗೆ ತಿಳಿಸಿ: ಚಿಕ್ಕದಾದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಂಗುತ್ತದೆ, ಬಿಗಿದು ನೋಯುತ್ತಿದ್ದರೆ ಸೂಜಿಯಿಂದ ಹೀರಿ ತೆಗೆಯುತ್ತಾರೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಕೆಂಪು ಆ ಗೆರೆಯಾಚೆ ಹರಡಿದರೆ ಅಥವಾ ಊತ ಕೆಲವೇ ಗಂಟೆಗಳಲ್ಲಿ ಹಿಗ್ಗಿದರೆ ಅಂದೇ ತೋರಿಸಿ. ಹೋದಾಗ, ತೆಗೆದ ಗಡ್ಡೆಯ ಪೆಥಾಲಜಿ ವರದಿಯ ಪ್ರತಿಯನ್ನೂ ಕೇಳಿ ಪಡೆದುಕೊಳ್ಳಿ.