ಮಠದ ಬಾಗಿಲಿಗೆ ಬಂದೂಕು ಬಂದ ರಾತ್ರಿ

ಪ್ರಶ್ನೆ: ಕೆಥೊಲಿಕ್ ಸನ್ಯಾಸಿಗಳು ಮಠದೊಳಗೆ ಸೈತಾನನ ಜೊತೆ ಹೋರಾಡುತ್ತಾರೆ ಅಂತಾರೆ. ನಾಲ್ಕು ಗೋಡೆ ನಡುವೆ ಸುಮ್ನೆ ಜಪ ಮಾಡಿಕೊಂಡು ಕೂತವರಿಗೆ ಕೆಡುಕು ಅಂದ್ರೆ ಏನು ಅಂತ ಗೊತ್ತಿರುತ್ತಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಚೆನ್ನಾಗಿಯೇ ಗೊತ್ತಿರುತ್ತದೆ. 4ನೇ ಶತಮಾನದಲ್ಲೇ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ ಮನುಷ್ಯನನ್ನು ಹಾಳುಮಾಡುವ ಎಂಟು ಯೋಚನೆಗಳನ್ನು ಬರೆದಿಟ್ಟರು. ಸಿಟ್ಟು, ದುರಾಸೆ, ಜಂಬ, ಮಧ್ಯಾಹ್ನದ ಹೊತ್ತಿನ ಬೇಸರ, ಎಲ್ಲ ಅದರಲ್ಲಿವೆ. ಸೈತಾನ ಬರುವುದೇ ಈ ಬಾಗಿಲಿನಿಂದ ಅಂತ ಅವರ ನಂಬಿಕೆ.

ಆದರೆ ನಾನು ಹೇಳಬೇಕು ಅಂದುಕೊಂಡಿರುವುದು ಅಲ್ಜೀರಿಯಾದ ಟಿಬಿರಿನ್ ಮಠದ ವಿಷಯ. ಅಟ್ಲಾಸ್ ಬೆಟ್ಟಸಾಲಿನ ಮೇಲಿನ ಸಣ್ಣ ಹಳ್ಳಿ, ಸುತ್ತ ಎಲ್ಲ ಮುಸ್ಲಿಮರು. ಮಠದಲ್ಲಿದ್ದವರು ಫ್ರಾನ್ಸಿನ ಟ್ರಾಪಿಸ್ಟ್ ಸನ್ಯಾಸಿಗಳು, ಅಂದರೆ ಮೌನ, ಪ್ರಾರ್ಥನೆ, ಕೈಕೆಲಸದಲ್ಲೇ ಬದುಕುವ ಕೆಥೊಲಿಕ್ ಪಂಗಡದವರು. ಊರಿನವರ ಜೊತೆ ಸೇರಿ ತೋಟ ಮಾಡುತ್ತಿದ್ದರು, ಮಠದ ಆವರಣದಲ್ಲೇ ನಮಾಜಿಗೆ ಜಾಗ ಬಿಟ್ಟುಕೊಟ್ಟಿದ್ದರು. ಬ್ರದರ್ ಲ್ಯೂಕ್ ಡಾಕ್ಟರು. 1946ರಿಂದ ಅಲ್ಲೇ ಇದ್ದು, ತಮಗೇ ಆಸ್ತಮಾ ಇದ್ದರೂ, ಬಂದವರಿಗೆಲ್ಲ ಔಷಧಿ ಕೊಡುತ್ತಿದ್ದರು. ನೀನು ಯಾವ ಕಡೆಯವನು ಅಂತ ಯಾರನ್ನೂ ಕೇಳಲಿಲ್ಲ.

1990ರ ದಶಕದಲ್ಲಿ ದೇಶದಲ್ಲಿ ಸರ್ಕಾರಕ್ಕೂ ಇಸ್ಲಾಮಿಸ್ಟ್ ಬಂಡುಕೋರರಿಗೂ ಅಂತರ್ಯುದ್ಧ. 1993ರ ಡಿಸೆಂಬರ್ 14ರಂದು ಮಠದಿಂದ ಸ್ವಲ್ಪವೇ ದೂರದಲ್ಲಿ ಬಂಡುಕೋರರ ಗುಂಪೊಂದು 12 ಜನ ಕ್ರೊಯೇಷಿಯಾದ ಕಾರ್ಮಿಕರ ಕತ್ತು ಕೊಯ್ದಿತು. ಅದಾಗಿ ಹತ್ತು ದಿನಕ್ಕೆ, ಕ್ರಿಸ್ಮಸ್ ಹಿಂದಿನ ರಾತ್ರಿ, ಆ ಗುಂಪಿನ ನಾಯಕ ಸಯಾಹ್ ಅತಿಯಾ ಬಂದೂಕಿನವರ ಜೊತೆ ಮಠಕ್ಕೇ ಬಂದ. ಮಠದ ಹಿರಿಯರು ಕ್ರಿಸ್ಟಿಯಾನ್ ದ ಶೆರ್ಜೆ. ಇದು ಶಾಂತಿಯ ಮನೆ, ಇಲ್ಲಿಗೆ ಯಾರೂ ಆಯುಧ ಹಿಡಿದು ಬಂದಿಲ್ಲ, ಮಾತಾಡಬೇಕಾದರೆ ಹೊರಗೆ ಹೋಗೋಣ ಅಂದರು. ಅವನಿಗೆ ಡಾಕ್ಟರು ಬೇಕಿತ್ತು, ಔಷಧಿ, ದುಡ್ಡು ಬೇಕಿತ್ತು. ಡಾಕ್ಟರಿಗೆ ವಯಸ್ಸಾಗಿದೆ, ಕಳಿಸಲ್ಲ, ಗಾಯಾಳುಗಳು ಇಲ್ಲಿಗೇ ಬಂದರೆ ನೋಡುತ್ತಾರೆ ಅಂತ ಹೇಳಿದರು. ನಿಮಗೆ ಬೇರೆ ದಾರಿಯಿಲ್ಲ ಅಂದ ಅವನು. ಇದೆ ಅಂದರು ಇವರು. ಈ ರಾತ್ರಿ ನಮಗೆ ಕ್ರಿಸ್ತ ಹುಟ್ಟಿದ ಹಬ್ಬ ಅಂತ ತಿಳಿದ ಮೇಲೆ ಅವನು ಕ್ಷಮಿಸಿ ಅಂದು ಹೊರಟುಹೋದ.

ನನ್ನನ್ನು ಕಾಡುವುದು ಇದಲ್ಲ, ಆಮೇಲಿನದ್ದು. ಅಷ್ಟು ಜನರ ಕತ್ತು ಕೊಯ್ಸಿದವನಿಗಾಗಿ ದೇವರ ಹತ್ತಿರ ಏನಂತ ಕೇಳೋದು? ಅವನನ್ನು ಕೊಂದುಬಿಡು ಅನ್ನೋಕಾಗಲ್ಲ. ಅವನ ಕೈಯಿಂದ ಆಯುಧ ಬೀಳಿಸು ಅಂತ ಕೇಳಬಹುದು. ಹಾಗೆ ಕೇಳಲು ಹೋದ ಕ್ರಿಸ್ಟಿಯಾನ್‌ಗೆ, ಮೊದಲು ನನ್ನೊಳಗಿನ ಆಯುಧ ಬೀಳಿಸು, ನಮ್ಮ ಮಠದವರೊಳಗಿನದ್ದು ಬೀಳಿಸು ಅಂತ ಬೇಡದೆ ಅದನ್ನು ಕೇಳುವ ಹಕ್ಕು ನನಗೆ ಎಲ್ಲಿದೆ ಅಂತ ಅನಿಸಿತಂತೆ. ಅಲ್ಲಿಂದ ಮುಂದೆ ಅದೇ ಅವರ ದಿನದ ಪ್ರಾರ್ಥನೆ. ನೀವು ಕೇಳಿದ ಹೋರಾಟ ಇದೇ.

ಪ್ರಶ್ನೆ: ಪ್ರಾಣಕ್ಕೆ ಅಪಾಯ ಬಂದಾಗಲೂ ಮಠ ಬಿಡದೆ ಕೂರುವುದು ಭಕ್ತಿಯೋ, ಹಟವೋ?
– ಇನ್ನೊಬ್ಬ ಓದುಗರು, ಮಂಗಳೂರು

ಉತ್ತರ: ಇದಕ್ಕೂ ಟಿಬಿರಿನ್ನಿಗೇ ಹೋಗೋಣ. ಅಲ್ಲಿ ಸನ್ಯಾಸಿಗಳೆಲ್ಲ ಹೆದರಿದ್ದರು. ಎಷ್ಟೋ ಸಲ ಕೂತು ಚರ್ಚಿಸಿ, ಮತ ಹಾಕಿ, ಉಳಿಯುವ ತೀರ್ಮಾನ ಮಾಡಿದರು. ನಾವು ಕೊಂಬೆ ಮೇಲಿನ ಹಕ್ಕಿಗಳ ಹಾಗೆ, ಹಾರಿಹೋಗಬೇಕೇನೋ ಅಂದಾಗ ಊರಿನವರು ಕೊಟ್ಟ ಉತ್ತರ: ಹಕ್ಕಿಗಳು ನಾವು, ಕೊಂಬೆ ನೀವು.

ಕ್ರಿಸ್ಟಿಯಾನ್‌ಗೆ ಇದು ಹಟ ಅಲ್ಲ, ಋಣ. 1959ರಲ್ಲಿ, ಅಲ್ಜೀರಿಯಾ ಫ್ರಾನ್ಸಿನಿಂದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದಾಗ, ಅವರು ಅಲ್ಲೇ ಫ್ರೆಂಚ್ ಸೇನೆಯ ಯುವ ಅಧಿಕಾರಿ. ದಾಳಿಯೊಂದರಲ್ಲಿ ಮೊಹಮ್ಮದ್ ಎಂಬ ಊರ ಕಾವಲುಗಾರ, ಹತ್ತು ಮಕ್ಕಳ ತಂದೆ, ಅಡ್ಡ ನಿಂತು ಅವರನ್ನು ಉಳಿಸಿದ. ಮರುದಿನ ತನ್ನ ಬಾವಿಯ ಹತ್ತಿರ ಅವನೇ ಹೆಣವಾಗಿ ಸಿಕ್ಕಿದ. ಆ ಸಾಲ ತೀರಿಸದೆ ಹೇಗೆ ಹೊರಡುತ್ತಾರೆ?

1996ರ ಮಾರ್ಚ್ 26ರ ರಾತ್ರಿ ಬಂದೂಕಿನವರು ಬಂದು ಕ್ರಿಸ್ಟಿಯಾನ್ ಸೇರಿ ಏಳು ಸನ್ಯಾಸಿಗಳನ್ನು ಎತ್ತಿಕೊಂಡು ಹೋದರು, 82 ವರ್ಷದ ಲ್ಯೂಕ್ ಅವರನ್ನೂ ಬಿಡಲಿಲ್ಲ. ಮೇ 30ಕ್ಕೆ ಅವರ ತಲೆಗಳು ಮಾತ್ರ ಸಿಕ್ಕವು. ಯಾರು ಕೊಂದರು ಎಂಬ ವಿವಾದ ಇನ್ನೂ ತೀರಿಲ್ಲ. 2018ರಲ್ಲಿ ಅಲ್ಜೀರಿಯಾದ ಒರಾನ್‌ನಲ್ಲೇ ಕೆಥೊಲಿಕ್ ಧರ್ಮಸಭೆ ಅವರನ್ನು ಧನ್ಯರು (ಸಂತ ಪದವಿಗೆ ಹಿಂದಿನ ಹಂತ) ಎಂದು ಸಾರಿತು.

ಕ್ರಿಸ್ಟಿಯಾನ್ ಮೊದಲೇ ಒಂದು ಪತ್ರ ಬರೆದಿಟ್ಟಿದ್ದರು. ಲೋಕದ ಕೆಡುಕಿನಲ್ಲಿ ನನ್ನ ಪಾಲೂ ಇದೆ ಎಂದು ಅದರಲ್ಲಿ ಒಪ್ಪಿಕೊಂಡಿದ್ದಾರೆ. ತನ್ನನ್ನು ಕೊಲ್ಲಲಿರುವವನನ್ನು ಕೊನೆ ಗಳಿಗೆಯ ಗೆಳೆಯ ಎಂದು ಕರೆದು ಅವನಿಗೆ ಥ್ಯಾಂಕ್ಸ್ ಹೇಳಿದ್ದಾರೆ. ಯೇಸುವಿನ ಪಕ್ಕ ಶಿಲುಬೆಯಲ್ಲಿದ್ದ ಕಳ್ಳನಿಗೆ ಸಿಕ್ಕಂತೆ ನಮ್ಮಿಬ್ಬರಿಗೂ ಸ್ವರ್ಗ ಸಿಗಲಿ, ಇಬ್ಬರು ಕಳ್ಳರೂ ಅಲ್ಲಿ ಖುಷಿಯಾಗಿ ಒಬ್ಬರನ್ನೊಬ್ಬರು ಕಾಣುವಂತಾಗಲಿ ಅಂತ ಬೇಡಿಕೊಂಡಿದ್ದಾರೆ.